ವರದ ಮಾತಾಡಿದಳು

ಸಾಗರ
18-3-1979, ಭಾನುವಾರ

ಪ್ರೀತಿಯ ಶಾಂತಕ್ಕನಿಗೆ ತಮ್ಮ ಮಂಜಯ್ಯನ ನಮಸ್ಕಾರಗಳು. ಭಾವನವರಿಗೂ ತಿಳಿಸು.

ನಿನ್ನ ಎರಡು ಕಾಗದಗಳೂ ಮನೆಗೆ ಬಂದು ಬಿದ್ದಿದ್ದವು. ಎರಡನೆಯದರಲ್ಲಿ, "ಬದುಕಿದ್ದೀಯೋ ಇಲ್ಲವೋ, ಅಷ್ಟಾದರೂ ಬರಿ" ಎಂದು ಬೈದಿದ್ದೀಯ. ಬೈಸಿಕೊಂಡೆ. ಆದರೆ ನಾನು ಊರಿನಲ್ಲೇ ಇರಲಿಲ್ಲ. ಹತ್ತೊಂಬತ್ತು ದಿನ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದು ಮೊನ್ನೆ ಶುಕ್ರವಾರ ಸಂಜೆಯ ಬಸ್ಸಿಗೆ ಬಂದೆವು. ಹೊಸನಗರಕ್ಕೆ ಒಂದು ಕಾರ್ಡು ಹಾಕಬಹುದಿತ್ತು ಎಂದು ನೀನು ಕೇಳುತ್ತೀಯ. ಹಾಕಬಹುದಿತ್ತು. ಏನಾಗುತ್ತದೋ ಎಂಬ ಹೆದರಿಕೆಯಲ್ಲಿ ಪೆನ್ನು ಹಿಡಿಯಲಾಗಲಿಲ್ಲ.

ಅಕ್ಕ, ಇನ್ನು ತಡೆದುಕೊಳ್ಳಲಾರೆ, ಹೇಳಿಬಿಡುತ್ತೇನೆ. ವರದ ಮಾತಾಡಿದಳು. ಏಳು ತಿಂಗಳು ಗೋಡೆ ನೋಡುತ್ತ ಕೂತಿದ್ದ ನನ್ನ ಹೆಂಡತಿ ಈಗ ಅಡುಗೆಮನೆಯಲ್ಲಿ ಅವ್ವನ ಜೊತೆ ಮಾವಿನ ಮಿಡಿಗೆ ಎಷ್ಟು ಉಪ್ಪು ಹಿಡಿಯುತ್ತದೆ ಎಂದು ವಾದ ಮಾಡುತ್ತಿದ್ದಾಳೆ. ಅವ್ವ ಬೇಕೆಂದೇ ತಪ್ಪು ಹೇಳಿ ಇನ್ನೂ ನಾಲ್ಕು ಮಾತು ಆಡಿಸುತ್ತಿದ್ದಾಳೆ. ಅದನ್ನು ಕೇಳಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಫೆಬ್ರವರಿ ಮೊದಲ ವಾರ ನೀನು ಬಂದಾಗ ಅವಳ ಸ್ಥಿತಿ ನೋಡಿದ್ದೆ. ಕೈ ಎತ್ತಿ ಬಿಟ್ಟರೆ ಎತ್ತಿದಲ್ಲೇ ನಿಲ್ಲುತ್ತಿತ್ತು, ನಾವೇ ಇಳಿಸಬೇಕಿತ್ತು. ಆದರೂ ಆಗ ಗಂಜಿ ಕುಡಿಸಿದರೆ ನುಂಗುತ್ತಿದ್ದಳು. ನೀನು ಹೋದ ಮೇಲೆ ಅದೂ ಕಷ್ಟವಾಯಿತು. ಹಲ್ಲು ಕಚ್ಚಿಕೊಂಡುಬಿಟ್ಟಳು. ಇಡೀ ದಿನ ಹೆಣಗಿದರೆ ಒಂದು ಲೋಟ ನೀರು ಇಳಿಯುವುದೇ ಹೆಚ್ಚು. ತಾಯತ, ಹರಕೆ ಎಲ್ಲ ಮುಗಿದಿತ್ತು. ಕಣ್ಣೆದುರೇ ಸಾಯುತ್ತಾಳೆ ಅನ್ನಿಸಿ ಬಾಡಿಗೆ ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಹೊರಟೆ.

ಅಲ್ಲಿ ಮನೋರೋಗದ ಡಾಕ್ಟರು ವಿಘ್ನೇಶ್ವರ ಎಂದು, ನನಗಿಂತ ಚಿಕ್ಕವರು. ಅರ್ಧ ಗಂಟೆ ನೋಡಿ, "ಔಷಧಿ ನುಂಗೋ ಸ್ಥಿತೀಲಿ ಇವರಿಲ್ಲ, ಕಾಯೋ ಹಾಗೂ ಇಲ್ಲ. ತಲೆಗೆ ಕರೆಂಟ್ ಕೊಡಬೇಕು" ಎಂದರು.

ಯಾರಿಗೆ ಹೇಳಿದರು ನೋಡು. ಹದಿನೇಳು ವರ್ಷದಿಂದ ಲೈನ್‌ಮನ್ ಕೆಲಸ ಮಾಡುವವನಿಗೆ. "ನೋಡಿ ಡಾಕ್ಟ್ರೇ, ಕರೆಂಟ್ ಹೊಡೆದೋರನ್ನ ಕಂಬದಿಂದ ಇಳಿಸಿದೋನು ನಾನು. ಒಬ್ಬನ ಅಂಗೈಲಿ ಮಾಂಸಾನೇ ಇರ್ಲಿಲ್ಲ. ನೀವು ನನ್ ಹೆಂಡ್ತಿಗೆ ಬೇಕಂತಲೇ ಕೊಡ್ತೀನಿ ಅಂತೀರಲ್ಲ" ಎಂದೆ. ಅವರು ಸಿಟ್ಟಾಗಲಿಲ್ಲ. "ಹಂಗಾದ್ರೆ ನಿಮ್ಗೆ ಅರ್ಥ ಮಾಡಿಸೋದು ಸುಲಭ. ಎಷ್ಟು ವೋಲ್ಟ್, ಎಷ್ಟು ಹೊತ್ತು ಅಂತ ಕೇಳಿ" ಎಂದರು.

ಕೇಳಿದೆ. ನೂರು, ನೂರಿಪ್ಪತ್ತು ವೋಲ್ಟು. ಒಂದು ಸೆಕೆಂಡೂ ಇಲ್ಲ. ಮೊದಲು ನಿದ್ದೆಯ ಇಂಜೆಕ್ಷನ್ ಕೊಡುವುದರಿಂದ ನೋವು ಗೊತ್ತಾಗುವುದಿಲ್ಲ. ಆಮೇಲೆ ಅವರು ಹೇಳಿದ್ದು ಕೇಳಿ ನಾನು ಕುರ್ಚಿಯ ತುದಿಗೆ ಬಂದೆ, ಅಕ್ಕ. ನಮ್ಮೆಲ್ಲರ ಮಿದುಳಿನಲ್ಲೂ ಹುಟ್ಟಿದಾಗಿನಿಂದ ಸಣ್ಣ ಕರೆಂಟು ಓಡಾಡುತ್ತಲೇ ಇರುತ್ತದಂತೆ. ತಲೆಗೆ ತಂತಿ ಅಂಟಿಸಿದರೆ ಅದು ಕಾಗದದ ಮೇಲೆ ಅಲೆ ಅಲೆಯಾಗಿ ಬರೆದುಕೊಳ್ಳುತ್ತದಂತೆ. ನೆನಪು, ಸಿಟ್ಟು, ಹಸಿವು ಎಲ್ಲವೂ ಅದರ ಮೇಲೆಯೇ ನಡೆಯುವುದು. ಇಷ್ಟು ವರ್ಷ ಕಂಬ ಹತ್ತಿದೆ, ನನ್ನ ತಲೆಯೊಳಗೇ ಒಂದು ಲೈನು ಇದೆ ಎಂದು ಯಾರೂ ಹೇಳಿರಲಿಲ್ಲ.

"ಹೊರಗಿಂದ ಕೊಡೋ ಕರೆಂಟ್ ಮದ್ದಲ್ಲ. ಅದರಿಂದ ಮಿದುಳಿಗೆ ಒಂದು ಫಿಟ್ಸ್ ಬರ್ತದಲ್ಲ, ಅದು ಮದ್ದು. ಯಾಕೆ ವಾಸಿಯಾಗ್ತದೆ ಅಂತ ನಂಗೂ ಪೂರ್ತಿ ಗೊತ್ತಿಲ್ಲ. ಇಂಥ ಕಾಯಿಲೇಲಿ ಬಹಳ ಜನಕ್ಕೆ ವಾಸಿಯಾಗಿದ್ದು ಮಾತ್ರ ನೋಡಿದೀನಿ" ಎಂದರು. ಗೊತ್ತಿಲ್ಲ ಎಂದು ಹೇಳಿದ ಮೊದಲ ಡಾಕ್ಟರು ಇವರು. ಅದಕ್ಕೇ ನಂಬಿಕೆ ಬಂತು. ಹಿಂದಿನ ಕೆಲವು ತಿಂಗಳ ನೆನಪು ಅಳಿಸಿಹೋಗಬಹುದು, ಕೆಲವು ವಾಪಸ್ ಬರಲಿಕ್ಕಿಲ್ಲ ಎಂದೂ ಎಚ್ಚರಿಸಿದರು. ನಿಜ ಹೇಳಬೇಕೆಂದರೆ ಆ ಮಾತಿಗೆ ನನಗೆ ಸಮಾಧಾನವೇ ಆಯಿತು. ಈ ಏಳು ತಿಂಗಳು ಮರೆತರೆ ಮರೆಯಲಿ ಎಂದುಕೊಂಡು ಸಹಿ ಹಾಕಿದೆ.

ಇನ್ನು ನಮ್ಮ ಅವ್ವನ ಕಥೆ ಕೇಳು. ಹಿಂದಿನ ದಿನವೇ ನರ್ಸು ಬಂದು, ಹೊಟ್ಟೆ ಖಾಲಿ ಇರಬೇಕು, ನೀರೂ ಕೊಡಕೂಡದು ಎಂದು ಮೂರು ಸಲ ಹೇಳಿದ್ದಳು. ಅವ್ವ ಮೂರು ಸಲವೂ ತಲೆ ಆಡಿಸಿದಳು. ಬೆಳಿಗ್ಗೆ ಮೇಜಿನ ಮೇಲೆ ಮಲಗಿಸಿ, ಹಲ್ಲಿನ ನಡುವೆ ರಬ್ಬರು ಇಡಲು ಬಾಯಿ ತೆರೆಸಿದರೆ, ಕೆನ್ನೆಯೊಳಗೆ ಎಲೆ, ಅಡಿಕೆ, ಸುಣ್ಣದ ಪೂರಾ ಕವಳ ಕೂತಿದೆ. ಡಾಕ್ಟರು ಆಚೆ ಬಂದು ಕೂಗಾಡಿದರು. ಅವ್ವ ಜಗ್ಗಲಿಲ್ಲ. "ಹೊಟ್ಟೆಗೆ ಎಂತದೂ ಕೊಟ್ಟಿಲ್ಲಪ್ಪ. ಬರೀ ಕವಳ. ಅದನ್ನೂ ಯಾರಾದ್ರೂ ತಿಂಡಿ ಅಂತಾರಾ? ಮೊದ್ಲು ಅವ್ಳಿಗೆ ಕವಳ ಇಲ್ದೆ ಬೆಳಗೇ ಆಗ್ತಿರ್ಲಿಲ್ಲ" ಎಂದಳು. ನನಗೂ ಅದು ತಪ್ಪೆಂದು ಹೊಳೆಯಲಿಲ್ಲ ನೋಡು. ನಮ್ಮ ಕಡೆ ಉಪವಾಸದ ದಿನವೂ ಬಾಯಿ ಕೆಂಪಗೇ ಇರುತ್ತದಲ್ಲ. ಅದು ಗಂಟಲಿಗೆ ಇಳಿದಿದ್ದರೆ ಉಸಿರು ಕಟ್ಟಿ ಹೋಗುತ್ತಿದ್ದಳು ಎಂದು ಡಾಕ್ಟರು ಹೇಳಿದ ಮೇಲೆ ಅವ್ವ ಎಲೆಸಂಚಿಯನ್ನು ನರ್ಸಿನ ಕೈಗೆ ಕೊಟ್ಟು ಮೂಲೆಯಲ್ಲಿ ಕೂತು ಅತ್ತಳು. ಕರೆಂಟ್ ಕೊಡುವುದು ಎರಡು ದಿನ ಮುಂದೆ ಹೋಯಿತು.

ಮೊದಲನೆಯದು, ಎರಡನೆಯದು ಆಯಿತು. ಗಂಜಿ ನುಂಗಿದಳು, ಕಣ್ಣು ನಮ್ಮನ್ನು ಹಿಂಬಾಲಿಸತೊಡಗಿತು. ಮೂರನೆಯದು ಆದ ದಿನ ಹನ್ನೊಂದು ಗಂಟೆಗೆ ನಾನು ಮಂಚದ ಹತ್ತಿರ ಕೂತಿದ್ದೆ. ಕಣ್ಣು ಬಿಟ್ಟಳು. ನನ್ನ ಎದೆಯನ್ನೇ ನೋಡಿದಳು. ಆಮೇಲೆ, "ಗುಂಡಿ ಎಲ್ಲಿ ಹೋಯ್ತು?" ಎಂದಳು. ಅಂಗಿಯ ಗುಂಡಿ, ಅಕ್ಕ. ಅದು ಬಿದ್ದು ನಾಲ್ಕು ತಿಂಗಳಾಗಿತ್ತು. ನಾನು ಏನು ಹೇಳಿದೆನೋ ನೆನಪಿಲ್ಲ. ವರಾಂಡದ ಉದ್ದಕ್ಕೂ ಬರಿಗಾಲಲ್ಲಿ ಓಡಿ, ಎದುರು ಬಂದ ಕಾಂಪೌಂಡರನ್ನು ತಬ್ಬಿಕೊಂಡು, ಅವನ ಕೈಯಲ್ಲಿದ್ದ ಬಾಟಲಿ ಒಡೆದು ಬೈಸಿಕೊಂಡೆ. ಅವ್ವ ಹೋಗಿ ಆ ಯಂತ್ರದ ಪೆಟ್ಟಿಗೆಗೆ ಕುಂಕುಮ ಹಚ್ಚಿ ಬಂದಳು. ಯೋಚಿಸಿ ನೋಡಿದರೆ ಆ ಕರೆಂಟೂ ನಮ್ಮ ಶರಾವತಿಯದೇ. ಲಿಂಗನಮಕ್ಕಿಯ ನೀರು ಅವಳಿಗೆ ಮಾತು ಕೊಟ್ಟಿತು ಎಂದು ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ.

ಒಟ್ಟು ಆರು ಕೊಟ್ಟರು. ನೆನಪು ಅಲ್ಲಲ್ಲಿ ಹೋಗಿದೆ. ಹೋದ ವೈಶಾಖದಲ್ಲಿ ತನ್ನ ತಮ್ಮನ ಗೃಹಪ್ರವೇಶಕ್ಕೆ ಹೋಗಿ ಬಂದದ್ದು ಅವಳಿಗೆ ನೆನಪೇ ಇಲ್ಲ. ತಾನೇ ಆರಿಸಿ ತಂದ ಹಸಿರು ಸೀರೆಯನ್ನು ಇದು ಯಾರದು ಎಂದು ಕೇಳಿದಳು. ಸೀರೆ ಹೋದರೆ ಹೋಗಲಿ ಬಿಡು.

ಈಗ ನೀನು ಉತ್ತರ ಕೇಳಿದ ವಿಷಯ. ಕೋಣಂದೂರಿನ ಹೆಣ್ಣಿನ ಕಡೆಯವರು ಯುಗಾದಿಯೊಳಗೆ ಒಂದು ಮಾತು ಹೇಳಬೇಕು ಎಂದಿದ್ದಾರೆ ಎಂದು ಬರೆದಿದ್ದೀಯ. ಅವತ್ತು ಫೆಬ್ರವರಿಯಲ್ಲಿ ನಡುಮನೆಯಲ್ಲಿ ಕೂತು ನೀನು ಫೋಟೋ ತೋರಿಸಿದಾಗ, "ಇವ್ಳು ಇದ್ದೂ ಇಲ್ಲದ ಹಂಗೆ ಆದ್ಲು, ಮನೆಗೊಂದು ಹೆಣ್ಣು ಬೇಡ್ವನಾ" ಎಂದು ಕೇಳಿದಾಗ ನಾನು ಹೂಂ ಅಂದದ್ದು ನಿಜ. ಸೋತುಹೋಗಿದ್ದೆ. ನೀನೂ ನನ್ನ ಮೇಲಿನ ಮಮತೆಯಿಂದಲೇ ಕೇಳಿದ್ದು. ಇನ್ನು ಆ ಮಾತು ಬೇಡ. ಫೋಟೋ ಇದೇ ಕವರಿನಲ್ಲಿದೆ. ಒಳ್ಳೆಯ ಹುಡುಗಿ, ಒಳ್ಳೆಯ ಕಡೆ ಸೇರಲಿ ಎಂದು ಅವರಿಗೆ ಹೇಳು.

ಯುಗಾದಿಗೆ ನೀವಿಬ್ಬರೂ ಇಲ್ಲಿಗೇ ಬನ್ನಿ. ವರದಳ ಕೈಯ ಒಬ್ಬಟ್ಟು ತಿನ್ನದೆ ಒಂದು ವರ್ಷವಾಯಿತು. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ.

ನಿನ್ನ ತಮ್ಮ
ಮಂಜಯ್ಯ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಮುಚ್ಚಿಟ್ಟದ್ದು. ಮೇಲಿನದನ್ನು ನಿನ್ನೆ ಬರೆದೆ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು, "ಇವರ ಎದುರಿಗೆ ಯಾರಾದ್ರೂ ಆಡಬಾರದ ಮಾತು ಆಡಿದ್ರಾ? ಇಂಥೋರಿಗೆ ಎಲ್ಲಾ ಕೇಳಿಸ್ತಿರ್ತದೆ" ಎಂದು ಕೇಳಿದ್ದರು. ಇಲ್ಲ ಎಂದಿದ್ದೆ. ಅಷ್ಟೆಲ್ಲ ಮರೆತವಳು ಇದನ್ನೂ ಮರೆತಿರುತ್ತಾಳೆ ಎಂದು ನಂಬಿದ್ದೆ.

ಇವತ್ತು ಬೆಳಿಗ್ಗೆ ದೋಸೆ ಹಾಕುತ್ತ, ನನ್ನ ಕಡೆ ತಿರುಗದೆ, "ಅಕ್ಕ ತಂದಿದ್ದ ಫೋಟೋದ ಹುಡುಗಿ ಲಕ್ಷಣವಾಗಿದ್ದಾಳಂತಲ್ಲ" ಎಂದಳು. ಆಮೇಲೆ ನಿಧಾನವಾಗಿ ಹೇಳಿದಳು: "ಅವತ್ತು ಬೇಡ ಅನ್ನೋಕೆ ನಾಲಿಗೆ ಎತ್ತೋಕೆ ಎಷ್ಟು ಹೆಣಗಿದೆ ಗೊತ್ತಾ ನಿಮ್ಗೆ. ಏಳ್ಲಿಲ್ಲ. ನೀವು ಬೇಡ ಅಂತೀರಿ ಅಂತ ಕಾದೆ. ನೀವು ಹೂಂ ಅಂದ್ರಿ. ಇನ್ನು ಗಂಜಿ ಕುಡಿದು ಎಂತ ಮಾಡೋದು ಅಂತ ಹಲ್ಲು ಕಚ್ಚಿಕೊಂಡೆ."

ಅತ್ತಿದ್ದರೆ, ಜಗಳ ಮಾಡಿದ್ದರೆ ಕಾಲು ಹಿಡಿಯುತ್ತಿದ್ದೆ. ಅವಳು ಹೇಳುವುದನ್ನು ಹೇಳಿ ಮುಗಿಸಿ ಕಾವಲಿಗೆ ಎಣ್ಣೆ ಸವರಿ, ಇನ್ನೊಂದು ದೋಸೆ ಹಾಕಲಾ ಎಂದು ಕೇಳಿದಳು. ಕೈಯಲ್ಲಿ ಸೌಟು ಹಿಡಿದು ಕಾಯುತ್ತ ನಿಂತಳು.