ಅಕ್ಕಿ ಚೀಲಕ್ಕೆ ಕೆಳಗಿನ ಕೋಣೆ, ನನ್ನ ತಂಗಿಗೆ ಮನೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಮೊದಲು ಕ್ಷಮೆ ಕೇಳುತ್ತೇನೆ. ನಿಮ್ಮಂಥವರಿಗೆ ಪತ್ರಿಕೆಯ ಮೂಲಕ ಪತ್ರ ಬರೆಯುವ ವಯಸ್ಸು ನನ್ನದಲ್ಲ. ಆರನೇ ತರಗತಿಯಿಂದ ಹಾಸ್ಟೆಲಿನಲ್ಲಿ ಬೆಳೆದವಳು, ಅರ್ಧ ಇಂಗ್ಲಿಷಿನಲ್ಲಿ ಯೋಚಿಸುವವಳು. ಎಲ್ಲಿಯಾದರೂ ಮಾತು ಒರಟಾದರೆ ಭಾಷೆಯ ಕೊರತೆ ಎಂದುಕೊಳ್ಳಿ. ವಿಷಯ ಇಷ್ಟು: ನಿಮ್ಮ ಅಧೀನದ ಸರಕಾರಿ ಹೈಸ್ಕೂಲೊಂದರಲ್ಲಿ ಹತ್ತನೇ ತರಗತಿಯನ್ನು ದಸರಾ ರಜೆಯ ನಂತರ ಮಹಡಿಗೆ ಸಾಗಿಸಿದ್ದಾರೆ. ಎರಡೂ ಕಾಲಿಗೆ ಪೋಲಿಯೋ ಆಗಿರುವ ನನ್ನ ತಂಗಿ ನಾಹೀದ ಈಗ ಮನೆಯಲ್ಲಿ ಕೂತಿದ್ದಾಳೆ. ಬರುವ ಮಾರ್ಚಿಗೆ, ಅಂದರೆ ೨೦೦೯ಕ್ಕೆ, ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆ.

ಶಾಲೆಯ ಹೆಸರು ಬರೆಯುವುದಿಲ್ಲ. ಅಲ್ಲಿ ಯಾರೂ ಕೆಟ್ಟವರಿಲ್ಲ, ಕಷ್ಟ ಇರುವುದೇ ಅಲ್ಲಿ. ಮೊದಲ ವಾರ ನಮ್ಮ ಅಬ್ಬಾ ಗಾದಿ ಹೊಲಿಯುವ ಕೆಲಸ ಬಿಟ್ಟು, ನಮ್ಮೂರು ಪುರ್ತಗೇರಿಯಿಂದ ಸೈಕಲ್ಲಿನ ಮೇಲೆ ಅವಳನ್ನು ಕರೆತಂದು, ಮಹಡಿಗೆ ಹೊತ್ತೊಯ್ದರು. ಹದಿನೈದು ವರ್ಷದ ಹುಡುಗಿಯನ್ನು ಇಡೀ ಶಾಲೆಯೆದುರು ಕೂಸಿನಂತೆ ಎತ್ತಿಕೊಂಡು ಹೋಗುವುದು ಅವಳಿಗೆ ಹೇಗಿರುತ್ತದೆ, ಊಹಿಸಬಲ್ಲಿರಾ? ಶೌಚಾಲಯ ಕೆಳಗಿದೆ. ಅಬ್ಬಾ ಸಂಜೆಗೇ ಬರುವವರು. ಹಾಗಾಗಿ ಅವಳು ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟಳು. ಮೂತ್ರದಲ್ಲಿ ಉರಿ, ಮೇಲೆ ಜ್ವರ, ದವಾಖಾನೆಯೂ ಆಯಿತು. ಸುದ್ದಿ ತಿಳಿದು ನಾನು ಧಾರವಾಡದಿಂದ ಓಡಿಬಂದೆ. ಜ್ವರ ಇಳಿದ ಮೇಲೆ ಮೂವರೂ ಕೂಡಿ ಹೆಡ್‌ಮಾಸ್ತರರನ್ನು ಕಂಡೆವು.

"ಮೈನುದ್ದೀನಸಾಬ್ರ, ಯಾಕ ತ್ರಾಸ ತಗೋತೀರಿ?" ಎಂದರು ಅವರು ಅಬ್ಬಾಗೆ. "ಪಾಪ, ಹುಡುಗಿ ಮನಿಯಾಗ ಆರಾಮ ಓದ್ಲಿ. ಹಾಜರಿ ನಾವು ಹಾಕ್ತೀವಿ."

ನಾಹೀದ ಕೇಳಿದಳು: "ಸರ, ಕೆಳಗ ಆ ಮೂಲಿ ಕೋಣ್ಯಾಗ ಏನ ಐತ್ರಿ?"

"ಬಿಸಿಯೂಟದ ಅಕ್ಕಿ ಐತವಾ. ಅಷ್ಟು ಚೀಲ ಮ್ಯಾಲ ಏರಸಾಕ ಬರಂಗಿಲ್ಲಲ್ಲ."

"ಅಕ್ಕಿ ಎಷ್ಟನೇ ಕ್ಲಾಸ ಓದತೈತ್ರಿ ಸರ?"

ಅವರು ನಕ್ಕರು. "ಬಾಯಿ ಭಾಳ ಐತಿ ನಿನಗ!" ಎಂದರು. ಕಾಲು ಇಲ್ಲದಿದ್ದರೂ ಬಾಯಿ ಇದೆ ಎಂಬ ಸಮಾಧಾನದ ನಗು ಅದು.

ಅಡಿಗೆಯ ಸಕ್ರವ್ವ ಆ ಚೀಲಗಳನ್ನು ಮಹಡಿಗೆ ಹೊರಲಿ ಎಂದು ನಾನು ಕೇಳುತ್ತಿಲ್ಲ. ಮೆಟ್ಟಿಲು ಹತ್ತಲಾಗದ್ದಕ್ಕೆ ಕೆಳಗೆ ಜಾಗ ಕೊಟ್ಟದ್ದು ನ್ಯಾಯವೇ. ಅಕ್ಕಿಯ ವಿಷಯದಲ್ಲಿ ತಾನಾಗಿಯೇ ಹೊಳೆದ ನ್ಯಾಯ ಒಬ್ಬ ಹುಡುಗಿಯ ವಿಷಯದಲ್ಲಿ ಯಾಕೆ ಹೊಳೆಯಲಿಲ್ಲ? ಒಂಬತ್ತನೇ ತರಗತಿಯನ್ನು ಮೇಲೆ ಕಳಿಸಿ ಹತ್ತನೆಯದನ್ನು ಕೆಳಗೆ ತನ್ನಿ ಎಂದೆ. "ಮ್ಯಾಲ ಗದ್ದಲ ಇಲ್ಲವಾ, ರಿಜಲ್ಟ್ ಚಲೋ ಬರಬೇಕಲ್ಲ. ಸಾಹೇಬ್ರ ಆರ್ಡರ್ ಇದ್ರ ನಾಳೆನ ಇಳಸ್ತೀನಿ" ಎಂದರು. ಆ ಸಾಹೇಬರು ನೀವು.

ನಿಮ್ಮ ಕಚೇರಿಗೂ ಬಂದೆವು, ನೆನಪಿರಬಹುದು. ಅಬ್ಬಾ ಕೈಮುಗಿದು ನಿಂತೇ ಇದ್ದರು. ನಾನು ೧೯೯೫ರ ಅಂಗವಿಕಲರ ಕಾಯ್ದೆ ತೆಗೆದು ಓದತೊಡಗಿದೆ. ಸೆಕ್ಷನ್ ಇಪ್ಪತ್ತಾರು ಎನ್ನುವಷ್ಟರಲ್ಲಿ ನೀವು ತಡೆದಿರಿ.

"ಲಾ ಓದ್ತೀ ಏನವಾ? ಎಷ್ಟನೇ ವರ್ಷ?" ಎಂದು ಕೇಳಿದಿರಿ.

"ಫಸ್ಟ್ ಇಯರ್ ರಿ, ಸರ."

"ಮುಗಿಸ್ಕೊಂಡು ಬಾ. ಆಮ್ಯಾಲ ನಮಗ ಕಾನೂನು ಹೇಳೀಯಂತ. ಹಾಜರಿ ಕೊಡ್ತೀವಿ ಅಂದಾರ, ಪರೀಕ್ಷಾಕ್ಕ ಕೆಳಗ ಕುಂಡ್ರಸ್ತಾರ. ಇನ್ನೇನ ಬೇಕ?"

"ಭಾಳ ಉಪಕಾರ ಆತ್ರಿ ಸಾಹೇಬ್ರ" ಎಂದು ಅಬ್ಬಾ ನಿಮಗೆ ಸಲಾಂ ಮಾಡಿದರು. ಹೊರಗೆ ಬಂದ ಮೇಲೆ ನಾನು ಸಿಟ್ಟಾದದ್ದು ನಿಮ್ಮ ಮೇಲಲ್ಲ, ಅವರ ಮೇಲೆ. ಅದು ತಪ್ಪೆಂದು ಬಸ್ಸಿನಲ್ಲಿ ಹೊಳೆಯಿತು. ಯಾವುದು ಹಕ್ಕು ಎಂದು ಯಾರೂ ಹೇಳದಿದ್ದರೆ ಎಲ್ಲವೂ ಉಪಕಾರವೇ ಆಗಿ ಕಾಣುತ್ತದೆ.

ಇನ್ನೇನು ಬೇಕು ಎಂದಿರಲ್ಲ, ಹೇಳುತ್ತೇನೆ. ಬೋರ್ಡಿನ ಮೇಲೆ ಪ್ರಮೇಯ ಬಿಡಿಸುವಾಗ "ಸರ, ತಿಳೀಲಿಲ್ರಿ" ಎನ್ನುವ ಅವಕಾಶ ಬೇಕು. ಪಕ್ಕದಲ್ಲಿ ಕೂಡುವ ಗೆಳತಿ ಮರಿಯವ್ವನ ಜೊತೆ ಮಾತಾಡಿ ಬೈಸಿಕೊಳ್ಳುವ ಅವಕಾಶ ಬೇಕು. ಬಾರದ ಹುಡುಗಿಗೆ ಹಾಜರಿ ಹಾಕಿದರೆ ನಿಮ್ಮ ವರದಿಯಲ್ಲಿ ಅವಳು ಓದುತ್ತಿರುತ್ತಾಳೆ. ಮನೆಯಲ್ಲಿ ಹಾಸಿಗೆಯ ಮೇಲೆ ಬೀಜಗಣಿತದ ಅದೇ ಪುಟ ನೋಡುತ್ತಿರುತ್ತಾಳೆ. ಹದಿನೆಂಟು ವರ್ಷದವರೆಗೆ ತಕ್ಕ ವಾತಾವರಣದಲ್ಲಿ ಉಚಿತ ಶಿಕ್ಷಣ ಎನ್ನುತ್ತದೆ ಕಾಯ್ದೆ. ಶಾಲಾ ಕಟ್ಟಡದಲ್ಲಿರುವ ಅಡೆತಡೆ ತೆಗೆಯಲು ಯೋಜನೆ ಮಾಡಿ ಎನ್ನುತ್ತದೆ. ಹಾಸಿಗೆ ಯಾವ ಬಗೆಯ ತಕ್ಕ ವಾತಾವರಣ, ಮಾನ್ಯರೇ?

ಕರುಣೆ ಇದ್ದರೆ ಸಾಕು, ಕಾಯ್ದೆ ಯಾಕೆ ಎಂದು ನಮ್ಮ ಹಾಸ್ಟೆಲಿನಲ್ಲೇ ಕೆಲವರು ವಾದ ಮಾಡುತ್ತಾರೆ. ಅವರಿಗೆ ನಾನು ಹಿಂದಿನ ಹೆಡ್‌ಮಾಸ್ತರರ ಕತೆ ಹೇಳುತ್ತೇನೆ. ನಾಹೀದ ಎಂಟು, ಒಂಬತ್ತು ಓದುವಾಗ ಅವರು ಯಾರೂ ಕೇಳದೆಯೇ ಅವಳ ತರಗತಿಯನ್ನು ಬಾಗಿಲ ಹತ್ತಿರದ ಕೋಣೆಯಲ್ಲಿ ನಡೆಸಿದರು. ದೊಡ್ಡ ಮನುಷ್ಯರು. ಈ ವರ್ಷ ನರಗುಂದದ ಕಡೆ ವರ್ಗವಾದರು. ಅವರ ಟ್ರಂಕಿನ ಜೊತೆ ಆ ಕರುಣೆಯೂ ಬಸ್ಸು ಹತ್ತಿತು. ಕಾಯ್ದೆಗೆ ವರ್ಗಾವಣೆ ಇಲ್ಲ. ಇರಬಾರದು. ಅದಕ್ಕೇ ಅದು ಬೇಕು. ಅದು ಇರುವುದು ಒಳ್ಳೆಯವರು ಹೋದ ಮರುದಿನಕ್ಕೆ.

ಈ ಪತ್ರದಿಂದ ತಂಗಿಗೆ ಏನಾದರೂ ತೊಂದರೆ ಆದೀತೇ ಎಂಬ ಅಂಜಿಕೆ ನನಗೆ ಇದ್ದೇ ಇದೆ. ಮೂರು ಸಲ ಹರಿದು ಬರೆದಿದ್ದೇನೆ. ಆದರೆ ನಿನ್ನೆ ಫೋನಿನಲ್ಲಿ ಅಬ್ಬಾ, "ಈ ವರ್ಷ ಬ್ಯಾಡ ಬಿಡು ಬೇಟಾ, ಪರೀಕ್ಷಾ ಮುಂದಿನ ವರ್ಷ ಬರದರಾತು" ಎಂದರು. ಹಿಂದಿನಿಂದ ನಾಹೀದಳ ದನಿ ಕೇಳಲಿಲ್ಲ. ಅವಳು ಸುಮ್ಮನಿರುವ ಹುಡುಗಿಯಲ್ಲ. ನನಗೆ ಭಯವಾದದ್ದು ಆಗ.

ಆದ್ದರಿಂದ ಬೇಡಿಕೆ ಒಂದೇ. ಹತ್ತನೇ ತರಗತಿಯನ್ನು ಕೆಳಗಿಳಿಸಲು ಆದೇಶ ಕೊಡಿ. ಕೊಡುವುದಿಲ್ಲವಾದರೆ, ಕೊಡುವುದಿಲ್ಲ ಎಂದು ಸಹಿ ಮಾಡಿ ಬರೆದು ಕಳಿಸಿ. "ಇನ್ನೇನ ಬೇಕ?" ಎಂಬ ಬಾಯಿಮಾತಿನ ಮೇಲೆ ಅಪೀಲು ಹೋಗಲು ಬರುವುದಿಲ್ಲ ಎನ್ನುವಷ್ಟು ಕಾನೂನನ್ನು ಮೊದಲ ವರ್ಷದಲ್ಲೇ ಕಲಿಸಿದ್ದಾರೆ. ದಯವಿಟ್ಟು ಬೇಗ ಉತ್ತರಿಸಿ.

ಇಂತಿ,
ಇನ್ನೂ ಓದು ಮುಗಿಸದ, ಆದರೂ ಕಾಯಲಾರದ
ಶಬನಮ
ಕಾನೂನು ಪದವಿ, ಮೊದಲ ವರ್ಷ, ಧಾರವಾಡ