ಹದಿನೆಂಟನೇ ಫಾರಂ

ಜೂನ್ 3, ಮಧ್ಯಾಹ್ನ

ಬೆಳಿಗ್ಗೆಯಿಂದ ಹನ್ನೊಂದು ಪುಸ್ತಕ ಹೊಲಿದೆ. ಸೂಜಿ ಎರಡು ಸಲ ಬೆರಳಿಗೇ ಹೋಯಿತು. ಕನ್ನಡಕ ಬದಲಾಯಿಸಬೇಕು. ಬದಲಾಯಿಸಲ್ಲ — ರಿಟೈರ್ ಆಗಲು ಇನ್ನು ಎಂಟು ವಾರ.

ಲೈಬ್ರೇರಿಯನ್ ಮೇಡಂ ಒಂದು ಡಬ್ಬ ತಂದಿಟ್ಟರು. ತೀರಿಕೊಂಡವರ್ಯಾರದೋ ಮನೆಯ ಪುಸ್ತಕಗಳು. "ಹರಿದಿರೋದನ್ನ ಬೈಂಡ್ ಮಾಡಿ, ಹುಳ ಹಿಡಿದಿರೋದನ್ನ ಬಿಸಾಕಿ" ಅಂದರು. ಮೂವತ್ತೆಂಟು ವರ್ಷದಿಂದ ಈ ರೂಮಿನಲ್ಲಿ ಇನ್ನೇನು ಮಾಡುತ್ತಿದ್ದೇನೆ ಅಂದುಕೊಂಡಿದ್ದಾರೋ.

ಡಬ್ಬದ ತಳದಲ್ಲಿ ಅಕ್ಕನ ಪ್ರೀತಿಯ ಕಾದಂಬರಿ. ಅವಳ ಹತ್ತಿರ ಇರುವುದಲ್ಲ, ಅದರದೇ ಬೇರೆ ಪ್ರತಿ. ಅಕ್ಕನಿಗೆ ಅದು ಬಾಯಿಪಾಠ. ನಾನು ಒಂದು ಪುಟವನ್ನೂ ಓದಿಲ್ಲ. ನಾನು ಪುಸ್ತಕ ಓದುವವಳಲ್ಲ, ಹೊಲಿಯುವವಳು.

ಜೂನ್ 4

ಬಿಚ್ಚಿ ಎಣಿಸಿದೆ. ಹದಿನೆಂಟು ಫಾರಂ, ಅಂದರೆ ಮಡಚಿ ಹೊಲಿಯುವ ಹಾಳೆಕಟ್ಟು. ಒಂದೊಂದಕ್ಕೆ ಹದಿನಾರು ಪುಟ, ಒಟ್ಟು ಇನ್ನೂರ ಎಂಬತ್ತೆಂಟು.

ಮತ್ತೆ ಎಣಿಸಿದೆ. ಅಷ್ಟೇ.

ಅಕ್ಕನ ಪುಸ್ತಕ ಮುಗಿಯುವುದು ಇನ್ನೂರ ಎಪ್ಪತ್ತೆರಡಕ್ಕೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕೊನೇ ಸಾಲೂ ಗೊತ್ತು: "ಅವಳು ಬಾಗಿಲು ತೆರೆದೇ ಇಟ್ಟಳು. ಅವನು ಬರುವವನಿದ್ದ." ಅಲ್ಲಿಗೆ ಪುಟವೂ ಮುಗಿಯುತ್ತೆ, ಮಾತೂ ಮುಗಿಯುತ್ತೆ. ಇನ್ನೂ ಇದೆ ಅಂತ ಯಾರಿಗೆ ಹೊಳೆಯಬೇಕು.

ಇದರಲ್ಲಿ ಇನ್ನೂರ ಎಪ್ಪತ್ಮೂರು ಇದೆ.

ಜೀವನದಲ್ಲಿ ಮೊದಲ ಸಲ ಕೆಲಸದ ಹೊತ್ತಿನಲ್ಲಿ ಕೂತು ಓದಿದೆ. ಹದಿನಾರು ಪುಟ. ಅವನು ಬರಲ್ಲ. ಬೇರೆ ಊರಲ್ಲಿ ಮದುವೆಯಾಗಿದ್ದಾನೆ. ಅವಳು ಒಂದು ದಿನ ಪೂರ್ತಿ ಅಳುತ್ತಾಳೆ. ಮಾರನೇ ದಿನ ಎದ್ದು, ಮುಖ ತೊಳೆದು, ಬಾಗಿಲು ಹಾಕಿ ಬೀಗ ಜಡಿದು ಹೋಗುತ್ತಾಳೆ. ನರ್ಸಿಂಗ್ ಕಲಿಯುತ್ತಾಳೆ. ಬೇರೊಬ್ಬನನ್ನು ಮದುವೆಯಾಗುತ್ತಾಳೆ. ಕೊನೇ ಪುಟದಲ್ಲಿ ಅವಳ ಮಗು ಅವಳ ಚಪ್ಪಲಿ ಹಾಕಿಕೊಂಡು ಮನೆ ತುಂಬ ಓಡಾಡುತ್ತೆ.

ಊಟದ ಡಬ್ಬಿ ತೆಗೆಯಲಿಲ್ಲ.

ಜೂನ್ 5

ಅಕ್ಕನ ಪ್ರತಿಯನ್ನು ಬೈಂಡ್ ಮಾಡಿದ್ದು ನಾನು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಯಾರ ಸಹಾಯವೂ ಇಲ್ಲದೆ ಮಾಡಿದ ಮೊದಲ ಪುಸ್ತಕ. ಕಪಾಟಿಗೆ ಇಡುವ ಮೊದಲೇ ಅಕ್ಕನಿಗೆ ತೋರಿಸಬೇಕು ಅಂತ ಮನೆಗೆ ಒಯ್ದಿದ್ದೆ; ಅದು ಲೈಬ್ರರಿಗೆ ವಾಪಸ್ ಬರಲೇ ಇಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಇನ್ಯಾರಿಗೆ ತೋರಿಸಲಿ.

ಅದೇ ವಾರ ಅವಳಿಗೆ ಮೇಷ್ಟ್ರ ಸಂಬಂಧ ಬಂದಿತ್ತು. ಒಳ್ಳೆಯವರು. ಎದುರು ಮನೆಯಲ್ಲಿದ್ದ ಸರ್ವೆಯರ್ ವರ್ಗವಾಗಿ ಹೋಗಿ ಎರಡು ವರ್ಷ ಆಗಿತ್ತು. "ಬರ್ತೀನಿ" ಅಂದಿದ್ದನಂತೆ. ಮೂರು ಕಾಗದ ಬಂದು ನಿಂತುಹೋಗಿತ್ತು. ಅಕ್ಕ ಹೂಂ ಅನ್ನುವ ಹಾಗೇ ಇದ್ದಳು, ನನಗೆ ಗೊತ್ತು. ಮೇಷ್ಟ್ರ ಹಲ್ಲಿನ ಬಗ್ಗೆ ತಮಾಷೆ ಮಾಡಲು ಶುರು ಮಾಡಿದ್ದಳು.

ಪುಸ್ತಕ ಓದಿ ಮುಗಿಸಿ ಬೇಡ ಅಂದಳು. ಅಪ್ಪ ಕೂಗಾಡಿದರು. ಅಕ್ಕ ಒಂದೇ ಮಾತು — "ಅವಳು ಕಾಯಲಿಲ್ವಾ?"

ಅವತ್ತಿನಿಂದ ಹಗಲೂ ರಾತ್ರಿ ಆ ಮನೆಯ ಮರದ ಬಾಗಿಲು ಹಾಕಿಲ್ಲ. ಹೊರಗಿನ ಗ್ರಿಲ್ ಗೇಟಿಗೆ ಮಾತ್ರ ಬೀಗ. ಬಾಗಿಲಿಗೆ ಹಳೇ ಇಸ್ತ್ರಿ ಪೆಟ್ಟಿಗೆ ಅಡ್ಡ. ನಾವೆಲ್ಲ ಅದನ್ನು ಅಕ್ಕನ ಹುಚ್ಚು ಅಂತ ನಗುತ್ತಿದ್ದೆವು. ನಾನೂ ನಗುತ್ತಿದ್ದೆ.

ಜೂನ್ 7

ಇವರಿಗೆ ಹೇಳಿದೆ. ಪೇಪರ್ ಮಡಚಿಟ್ಟು ಕೇಳಿದರು. ನನ್ನ ಯಜಮಾನರು ಪೇಪರ್ ಮಡಚುವುದು ಅಪರೂಪ.

"ನಿಮ್ಮಕ್ಕನ ವಿಷಯಕ್ಕೆ ಡಾಕ್ಟರ್ ಏನಂದ್ರು? ಇನ್ನು ಮನೇಲೇ ನೋಡ್ಕೊಳ್ಳಿ ಅಂದ್ರು. ಅಂಥವಳಿಗೆ ಹೋಗಿ ಇದನ್ನ ಹೇಳ್ತೀಯ? ಹೇಳಿ ಏನು ಸಾಧಿಸ್ತೀಯ?"

"ಅವಳಿಗೆ ಗೊತ್ತಾಗಬೇಕಲ್ಲ."

"ಅವಳಿಗೆ ಗೊತ್ತಾಗಬೇಕೋ, ನಿನ್ನ ಹೊಟ್ಟೆ ಹಗುರಾಗಬೇಕೋ?"

ಮದುವೆಯಾಗಿ ಮೂವತ್ನಾಲ್ಕು ವರ್ಷ, ಇಷ್ಟು ಸರಿಯಾದ ಮಾತು ಆಡಿದ್ದು ಇದೇ ಮೊದಲು. ಸಿಟ್ಟು ಬಂತು.

ಜೂನ್ 8, ಸಂಜೆ

ಕೆಲಸ ಮುಗಿಸಿ ಎಂದಿನಂತೆ ಅಕ್ಕನ ಮನೆಗೆ. ಎರಡು ಬೀದಿ ಆಚೆ. ಸಕ್ಕರೆ ಕಾಯಿಲೆ ಮೊದಲು ಕಣ್ಣು ತಿಂದಿತು, ಈಗ ಕಿಡ್ನಿ. ಕಾಲು ಬಾತುಕೊಂಡು ಗಾಜಿನ ಹಾಗೆ ಹೊಳೆಯುತ್ತಿದೆ.

"ಆ ಪುಸ್ತಕ ಒಂದ್ಸಲ ಓದಿ ಹೇಳೇ. ಕೊನೇ ಸಲ. ನೀನು ಅಷ್ಟು ಚೆನ್ನಾಗಿ ಹೊಲಿದಿದ್ದು, ಒಂದು ದಾರ ಬಿಟ್ಟಿಲ್ಲ ನೋಡು."

ಹೂಂ ಅಂದೆ.

ಜೂನ್ 9

ಮೂವತ್ತು ಪುಟ. ನಾನು ತಪ್ಪಿದಲ್ಲಿ ಅವಳೇ ತಿದ್ದುತ್ತಾಳೆ. "ಅಲ್ಲಿ ಅವಳು ನಗಲ್ಲ ಕಣೇ, ನಕ್ಕ ಹಾಗೆ ಮಾಡ್ತಾಳೆ."

ಜೂನ್ 13

ನೂರ ಹತ್ತು. ಸುಸ್ತು ಅವಳಿಗೆ. ನನಗೂ.

ಜೂನ್ 14

ಅಕ್ಕ ಮಲಗಿದ್ದಾಗ ಅವಳ ಪ್ರತಿಯ ಬೆನ್ನನ್ನು ಚಾಕುವಿನಿಂದ ಮೆಲ್ಲಗೆ ಬಿಡಿಸಿ ನೋಡಿದೆ. ಬೆನ್ನು ಗಟ್ಟಿಯಾಗಲಿ ಅಂತ ಒಳಗೆ ರದ್ದಿ ಕಾಗದದ ಪಟ್ಟಿ ಅಂಟಿಸುತ್ತೇವೆ. ಪ್ರೆಸ್ಸಿನವರು ಕೆಟ್ಟ ಹಾಳೆ ರಾಶಿ ಹಾಕುತ್ತಿದ್ದರು, ಅದನ್ನೇ ಕತ್ತರಿಸುವುದು.

ಪಟ್ಟಿಯ ಮೇಲೆ ಅರ್ಧ ಸಾಲು. "…ಮುಖ ತೊಳೆದು, ಬಾಗಿಲು…"

ಇದೇ ಪುಸ್ತಕದ ಕೊನೇ ಫಾರಂ, ಹಳೇ ಹೊಲಿಗೆಯಿಂದ ಬಿಟ್ಟುಬಂದಿದ್ದು. ಮೂಲೆ ಹರಿದು ಪುಟದ ನಂಬರ್ ಹೋಗಿರಬೇಕು. ರದ್ದಿ ಅಂದುಕೊಂಡೆ. ಎಣಿಸಲಿಲ್ಲ. ಕತ್ತರಿಸಿ, ಅಂಟು ಸವರಿ, ಅದೇ ಪುಸ್ತಕದ ಬೆನ್ನಿಗೆ ಹಚ್ಚಿದೆ. ಮೂವತ್ತೆಂಟು ವರ್ಷ ಅಕ್ಕ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಓದಿದ್ದಾಳೆ.

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜೂನ್ 21

ಒಂದು ವಾರ ಹೋಗಲಿಲ್ಲ. ಶೀತ ಅಂತ ಫೋನಿನಲ್ಲಿ ಸುಳ್ಳು ಹೇಳಿದೆ. ಹೋಂ ನರ್ಸ್ ಇದ್ದಾಳೆ, ಪರವಾಗಿಲ್ಲ ಅಂತ ನನಗೆ ನಾನೇ. ಹೇಡಿ.

ಜೂನ್ 24, ಸಂಜೆ

ಇನ್ನೂರ ಎಪ್ಪತ್ತೆರಡು ಮುಗಿಯಿತು. ಕೊನೇ ಸಾಲನ್ನು ಅಕ್ಕನೂ ನನ್ನ ಜೊತೆ ಹೇಳಿದಳು. ಕೈ ಮಡಚಿಕೊಂಡು ಮಲಗಿದಳು.

ಬ್ಯಾಗಿನಿಂದ ಇನ್ನೊಂದು ಪ್ರತಿ ತೆಗೆದು ಮುಂದೆ ಓದಿದೆ. ನಿಲ್ಲಿಸಲಿಲ್ಲ. ಹದಿನಾರು ಪುಟ. ಅಕ್ಕ ಒಂದು ಸಲವೂ ತಿದ್ದಲಿಲ್ಲ.

ಮುಗಿದ ಮೇಲೆ, "ಇದನ್ನ ನೀನೇ ಬರೆದ್ಯಾ?" ಅಂದಳು. ನಗುತ್ತಿದ್ದಳು. "ಪರವಾಗಿಲ್ಲ ಕಣೇ, ಚೆನ್ನಾಗಿ ಬರೆದಿದೀಯ. ನನ್ನ ಸಮಾಧಾನಕ್ಕೆ ಅಂತ. ಆದ್ರೆ ಅವಳು ಅಂಥವಳಲ್ಲ."

ಎದ್ದು ಬರಬಹುದಿತ್ತು. ಅವಳೇ ದಾರಿ ಬಿಟ್ಟುಕೊಟ್ಟಿದ್ದಳು. ನನ್ನ ನಾಲಿಗೆ ಕೇಳಲಿಲ್ಲ.

ಅವಳ ಪುಸ್ತಕದ ಬಿಚ್ಚಿದ ಬೆನ್ನಿನ ಮೇಲೆ ಅವಳ ಬೆರಳು ಇಟ್ಟೆ. ಎಲ್ಲ ಹೇಳಿದೆ. ಸಡಿಲವಾದ ಫಾರಂ, ಕತ್ತರಿ, ಅಂಟು. ಅವಳು ಪಟ್ಟಿಯನ್ನು ಉಗುರಿನಿಂದ ಸವರಿ ನೋಡಿದಳು. ಒಂದು ಸಲ, ಎರಡು ಸಲ, ಮೂರು ಸಲ.

"ಎಣಿಸಲಿಲ್ವಾ?"

"ಇಲ್ಲ ಅಕ್ಕ."

"ಬರೀ ಹದಿನೆಂಟು. ಎಣಿಸಬಾರದಿತ್ತಾ?"

ಆಮೇಲೆ ಮುಖ ಗೋಡೆ ಕಡೆ ತಿರುಗಿಸಿಕೊಂಡಳು.

ಜೂನ್ 25

ಮಾತಿಲ್ಲ.

ಜೂನ್ 26

ಮಾತಿಲ್ಲ. ನೀರು ಕುಡಿಸಲು ಹೋದರೆ ಬಾಯಿ ಬಿಡಲಿಲ್ಲ. ನರ್ಸ್ ಕುಡಿಸಿದರೆ ಕುಡಿದಳು.

ಇವರು ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಜೂನ್ 29, ಬೆಳಿಗ್ಗೆ 10

ರಜೆ ಹಾಕಿ ಇಲ್ಲೇ ಇದ್ದೇನೆ, ಅಕ್ಕನ ಮಂಚದ ಪಕ್ಕದ ಸ್ಟೂಲಿನಲ್ಲಿ. ಉಸಿರಾಟದ ಸದ್ದು ಬದಲಾಗಿದೆ. ಎಂಟು ಗಂಟೆಗೆ ತಾನಾಗೇ ಕೇಳಿದಳು, "ಮೇಷ್ಟ್ರು ಇದ್ದಾರಾ?"

"ಹೋಗಿ ಆರು ವರ್ಷ ಆಯ್ತಕ್ಕ."

"ಮಕ್ಕಳು?"

"ಇಬ್ಬರು."

ಸ್ವಲ್ಪ ಹೊತ್ತಿನ ಮೇಲೆ, "ಬಾಗಿಲು ಹಾಕೇ. ಸದ್ದು ನನಗೆ ಕೇಳಬೇಕು."

ಇಸ್ತ್ರಿ ಪೆಟ್ಟಿಗೆ ಸರಿಸಿ ದೂಡಿದೆ. ಅರ್ಧಕ್ಕೆ ಬಂದು ನಿಂತಿತು. ಮರ ಕೆಳಗೆ ಉಬ್ಬಿಕೊಂಡು ನೆಲಕ್ಕೆ ಕಚ್ಚುತ್ತಿದೆ. ಹೆಗಲು ಕೊಟ್ಟೆ. ನರ್ಸೂ ಬಂದಳು. ಆಗಲಿಲ್ಲ.

"ಹಾಕಿದ್ಯಾ?"

"ಹಾಕ್ತಾ ಇದೀನಿ ಅಕ್ಕ."

ಬಡಗಿಗೆ ಫೋನ್ ಮಾಡಿದೆ. ನಾಳೆ ಬರ್ತೀನಿ ಅಂದ. ಈಗಲೇ ಬೇಕು ಅಂದೆ. ಒಂದು ಬಾಗಿಲಿಗೆ ಇಷ್ಟು ಅವಸರವಾ ಅಂದ. ಏನಂತ ಹೇಳಲಿ.

10.50

ಬಂದಿದ್ದಾನೆ. ಕದ ಕಳಚಿ ಜಗಲಿ ಮೇಲೆ ಮಲಗಿಸಿ ಹೆರೆಯುತ್ತಿದ್ದಾನೆ. ಈಗ ಅಲ್ಲಿ ಬಾಗಿಲೇ ಇಲ್ಲ, ಬೀದಿಯೆಲ್ಲ ಕಾಣುತ್ತೆ.

11.15

ಕದ ಎತ್ತಿ ಕೂರಿಸುತ್ತಿದ್ದಾನೆ. ಅಕ್ಕನಿಗೆ ಹೇಳಿದೆ, ಇನ್ನು ಎರಡೇ ನಿಮಿಷ, ಕೇಳಿಸಿಕೋ ಅಂತ. ಹೂಂ ಅನ್ನಲಿಲ್ಲ, ಉಸಿರು ನಿಂತು ನಿಂತು ಬರುತ್ತಿದೆ. ಕೈ ಹಿಡಿದುಕೊಂಡೇ ಬರೆಯುತ್ತಿದ್ದೇನೆ. "ಅಮ್ಮ, ಹಾಕಿ ನೋಡಲಾ?" ಅಂತ ಬಡಗಿ ಕೂಗಿದ. ಹಾಕಪ್ಪ ಅಂದೆ. ಅಕ್ಕ, ಈಗ ನೋಡು, ಅಕ್ಕ