ಕೊನೆಯ ಹಾಡಿನ ಕೆಮ್ಮು

ಮಗನೇ,

ನೀನು ಕಳಿಸಿದ ನಿಮ್ಮ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ ಕೇಳಿದೆ. ಹಾಡುಗಳೆಲ್ಲ ಮುಖ ಊದಿಸಿಕೊಂಡು ಕೂತಿವೆ. ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯಾ?

ಅಪ್ಪನ ಲಾರಿ ರಿಪೇರಿ ಶೆಡ್ಡಿನಲ್ಲಿ ರೆಕಾರ್ಡ್ ಮಾಡಿದ ಕೊನೆಯ ಹಾಡಿನ ತುದಿಯಲ್ಲಿ ಯಾರೋ ಕೆಮ್ಮಿದ್ದಾರೆ, ಅಳಿಸಬೇಕು ಎಂದು ಬರೆದಿದ್ದೀಯಲ್ಲ, ಅದು ಅಪ್ಪನೇ. "ಇದೇನು ಹಾಡೋ, ಸ್ಟಾರ್ಟ್ ಆಗದ ಲಾರಿಯೋ" ಅಂತ ಬೆಳಿಗ್ಗೆಯಿಂದ ಗೊಣಗುತ್ತಿದ್ದವರು, ನೀನು ಹಾಡಲು ಶುರು ಮಾಡಿದಾಗ ಬಾಗಿಲ ಹಿಂದೆ ಬಂದು ನಿಂತರು. ನಡುವೆ ಕೆಮ್ಮು ಒತ್ತರಿಸಿ ಬಂತು. ಗ್ರೀಸ್ ಮೆತ್ತಿದ ಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬಂದರೂ ಗಿಟಾರ್ ನಿಲ್ಲುವವರೆಗೆ ತಡೆದುಕೊಂಡರು.

ನಾನು ಹೇಳಿದೆ ಅಂತ ಅವರಿಗೆ ಗೊತ್ತಾಗದಿರಲಿ. ಆ ಕೆಮ್ಮನ್ನು ಮಾತ್ರ ಅಳಿಸಬೇಡ. ಅವರ ಬಾಯಿಂದ ಇಷ್ಟು ಹೊಗಳಿಕೆ ಬಂದದ್ದೇ ಹೆಚ್ಚು.

ನಿನ್ನ ಅಮ್ಮ